ಕೈಬಿಟ್ಟ ಚೂರಿ

ಫೆಬ್ರವರಿ 3

ಪ್ರೀತಿಯ ತಂಗಿಗೆ ನಿನ್ನ ಅಣ್ಣ ಮಾಡುವ ಆಶೀರ್ವಾದಗಳು.

ಇತ್ತ ನಾನು ಕ್ಷೇಮ. ಎಡಗಿವಿ ಮಾತ್ರ ಸ್ವಲ್ಪ ಹರಿದಿದೆ. ಅದನ್ನು ಗಾಯ ಅಂದುಕೊಳ್ಳಬೇಡ, ಪದಕ ಅಂದುಕೋ. ಮಾರ್ಕೆಟ್ಟಿನ ಕೊನೆಯ ಅಂಗಡಿಯ ಕೋಳಿಯವನು ನನ್ನ ಅಂಗಡಿಯ ಕೊಕ್ಕೆಯಲ್ಲಿ ತೂಗುತ್ತಿದ್ದ ಕುರಿ ತೊಡೆಯನ್ನು ಮೂಸಿ ನೋಡಿ, ಗಿರಾಕಿಗಳ ಎದುರಿಗೇ "ಇದು ಮೊನ್ನೆ ಸತ್ತಿದ್ದು" ಅಂದ. ನಾನು ಕೈ ತೊಳೆದೆ, ಒರೆಸಿಕೊಂಡೆ, ನಿಧಾನವಾಗಿ ಅವನ ಅಂಗಡಿಯವರೆಗೆ ನಡೆದು ಹೋಗಿ ಬಾಯಿಯ ಮೇಲೆ ಒಂದು ಇಳಿಸಿದೆ. ಅವನು ತಕ್ಕಡಿಯ ಬಟ್ಟು ಎತ್ತಿ ಎಸೆದ, ಅದೇ ಕಿವಿಗೆ ತಾಗಿದ್ದು. ಆಮೇಲೆ ಅವನನ್ನು ಅವನದೇ ಕೋಳಿಗೂಡಿನ ಮೇಲೆ ಮಲಗಿಸಿ ಇನ್ನೆರಡು ಕೊಟ್ಟೆ. ಉದುರಿದ ಹಲ್ಲನ್ನು ಒಂದು ಕೋಳಿ ಕಾಳೆಂದು ಕುಕ್ಕಿತು. ಇದು ಸುಳ್ಳಾದರೆ ನನ್ನ ಮೀಸೆ ಬೋಳಿಸು.

ಈಗ ನಿನ್ನ ಕಾಗದಕ್ಕೆ ಬರುತ್ತೇನೆ. ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಿನ್ನ ಮಗಳನ್ನು, ನಮ್ಮ ಕಡ್ಡಿಯನ್ನು, ಕ್ಲಾಸಿನ ಹುಡುಗಿಯೊಬ್ಬಳು ಜಡೆ ಹಿಡಿದು ಗೋಡೆಗೆ ಗುದ್ದಿಸಿದಳಂತೆ, ಹಣೆ ಒಡೆಯಿತಂತೆ. ಸಂಜೆ ಇವಳೇ ಅವಳ ಮನೆ ಬಾಗಿಲಿಗೆ ಹೋಗಿ "ಮೊದಲು ಗಿಲ್ಲಿದ್ದು ನಾನು, ತಪ್ಪಾಯ್ತು" ಎಂದು ಹೇಳಿ ಬಂದಳಂತೆ. ಇದನ್ನು ನೀನು, ಮಗಳು ಪರೀಕ್ಷೆಯಲ್ಲಿ ಮೊದಲು ಬಂದಳು ಎಂಬ ಹಾಗೆ ಬರೆದಿದ್ದೀಯ. ಏನಿದು ನಿಮ್ಮ ಮನೆಯ ಕಾನೂನು? ಯಾರ ಜೊತೆ ಜಗಳವಾದರೂ ಹೊತ್ತು ಮುಳುಗುವ ಮುಂಚೆ ಅವರ ಬಾಗಿಲಿಗೆ ಹೋಗಿ ಕೋಪ ಇಳಿಸಿ ಬರಬೇಕು, ಆಮೇಲೆ ಊಟ. ನಾನೇನಾದರೂ ನಿಮ್ಮ ಮನೆಯಲ್ಲಿದ್ದಿದ್ದರೆ ರಾತ್ರಿ ಊಟ ಹೇಗಿರುತ್ತದೆ ಎಂಬುದನ್ನೇ ಮರೆತಿರುತ್ತಿದ್ದೆ.

ಹದಿಮೂರು ವರ್ಷದ ಹೆಣ್ಣುಮಗುವಿಗೆ ಇನ್ನೊಂದು ಕೆನ್ನೆ ತೋರಿಸಲು ಕಲಿಸುತ್ತಿದ್ದೀರಿ. ಕಲಿಸಿ. ಮನುಷ್ಯನಿಗೆ ಇರುವ ಕೆನ್ನೆ ಎರಡೇ. ಮೂರನೆಯ ಏಟಿಗೆ ಏನು ತೋರಿಸಬೇಕು ಎಂದು ನಿಮ್ಮ ಪಾದ್ರಿಗಳನ್ನು ಒಮ್ಮೆ ಕೇಳು. ನಾನು ಸಭೆಯ ಮೆಟ್ಟಿಲು ಹತ್ತುವುದು ಮದುವೆಗೆ ಮತ್ತು ಮಣ್ಣಿಗೆ ಮಾತ್ರ, ನನಗೆ ಗೊತ್ತಿಲ್ಲ. ನನಗೆ ಗೊತ್ತಿರುವುದು ನಮ್ಮ ಅಪ್ಪನ ಬೆಲ್ಟು. ನಾನು ತಿರುಗಿಸಿ ಒಂದು ಕೊಟ್ಟ ದಿನ ಅದು ಮೊಳೆಗೆ ಹೋಗಿ ಕೂತಿತು, ಮತ್ತೆ ಇಳಿಯಲಿಲ್ಲ. ನೆನಪಿದೆಯಲ್ಲ? ಕಳೆದ ಸಲ ಬಂದಾಗ ನಾನು ಕಡ್ಡಿಗೆ ಮುಷ್ಟಿ ಕಟ್ಟುವುದನ್ನು ಹೇಳಿಕೊಟ್ಟಿದ್ದೇನೆ, ಹೆಬ್ಬೆರಳು ಹೊರಗೆ, ಮೊದಲ ಏಟು ನಿನ್ನದು. ಮರೆತಿದ್ದಾಳೇನೋ ಕೇಳು.

ಅವಳಿಗೆ ಇನ್ನೊಂದು ಪಾಠವನ್ನೂ ಹೇಳು. ನಿನ್ನೆ ನನ್ನ ಕೈಯಿಂದ ಚೂರಿ ಜಾರಿತು. ಹಲಗೆಯ ಪಕ್ಕ ನಿಂತಿದ್ದ ಗಿರಾಕಿ, ಪಾಪ, ಹಿಡಿಯಲು ಬಗ್ಗಿದ. ಮೊಣಕೈಯಿಂದ ಅವನ ಎದೆಗೆ ಒಂದು ಕೊಟ್ಟು ಹಿಂದಕ್ಕೆ ಬೀಳಿಸಿದೆ. ಅವನು ಬೈದ, ನಾನು ನಕ್ಕೆ. ನಮ್ಮ ಕಸುಬಿನ ಮೊದಲ ಪಾಠ ಅದು: ಕೈಬಿಟ್ಟ ಚೂರಿಗೆ ಮತ್ತೆ ಕೈಯೊಡ್ಡಬಾರದು. ಎರಡೂ ಕೈ ಮೇಲೆತ್ತು, ಹಿಂದೆ ಸರಿ. ಅದು ನೆಲಕ್ಕೆ ಬೀಳಲಿ, ಬೇರೆಯವನ ಕಾಲಿಗೆ ಬೀಳಲಿ, ನಿನ್ನ ಕೈ ನಿನ್ನದಾಗಿ ಉಳಿಯುತ್ತದೆ. ಇಷ್ಟು ವರ್ಷ ಚೂರಿ ಹಿಡಿದೂ ಹತ್ತಕ್ಕೆ ಹತ್ತು ಬೆರಳು ಇಟ್ಟುಕೊಂಡವನು ಈ ಮಾರ್ಕೆಟ್ಟಿನಲ್ಲಿ ನಿನ್ನ ಅಣ್ಣ ಒಬ್ಬನೇ.

ಭಾವನಿಗೆ ನಮಸ್ಕಾರ. ಅಕ್ಷರ ಬರೆದು ಹೊಟ್ಟೆ ಹೊರೆಯುವ ಮನುಷ್ಯ ನನಗೊಂದು ಕಾಗದ ಬರೆಯಲಾರನೇ ಎಂದು ಕೇಳು.

ನಿನ್ನ ಅಣ್ಣ


ಫೆಬ್ರವರಿ 17

ಅಣ್ಣನಿಗೆ ನಮಸ್ಕಾರ.

ಕಿವಿಗೆ ಮುಲಾಮು ಹಚ್ಚಿಕೋ. ಹಲ್ಲು ಕುಕ್ಕಿದ ಕೋಳಿಯ ಕಥೆಯನ್ನು ಕಡ್ಡಿಗೆ ಓದಿ ಹೇಳಿದೆ. "ಮಾವ ಆಮೇಲೆ ಆ ಕೋಳಿಯವರ ಮನೆಗೆ ಹೋದ್ರಾ?" ಎಂದು ಕೇಳಿದಳು. ಇಲ್ಲ ಅಂದೆ. "ಹಾಗಾದ್ರೆ ಊಟ?" ಅಂದಳು. ನಿನ್ನ ಊಟದ ಬಗ್ಗೆ ಅವಳಿಗೆ ಬಹಳ ಚಿಂತೆ.

ನಾವು ಯಾರಿಗೂ ಊಟ ತಪ್ಪಿಸಿದವರಲ್ಲ. ಮಕ್ಕಳು ಹುಟ್ಟಿದಾಗ ನಾನೂ ಇವರೂ ಒಂದು ಮಾತು ಮಾಡಿಕೊಂಡೆವು. ಈ ಮನೆಯಲ್ಲಿ ಬೆಲ್ಟು, ಬೆತ್ತ, ಸೌಟು ಯಾವುದೂ ಮಕ್ಕಳ ಮೈಗೆ ತಾಗಕೂಡದು. ಹಾಗಾದರೆ ಬೇರೇನು ಮಾಡುವುದು ಎಂಬ ಪ್ರಶ್ನೆ ಬಂತು. ನೀನೂ ನಾನೂ ಬೇರೆ ಯಾವ ದಾರಿಯನ್ನೂ ಕಂಡವರಲ್ಲವಲ್ಲ. ಪ್ರಾರ್ಥನೆಗೆ ಕೂತಾಗ ಇವರು "ಕೋಪ ಬರಲಿ, ಅದು ತಪ್ಪಲ್ಲ. ಅದನ್ನ ರಾತ್ರಿ ಪಕ್ಕದಲ್ಲಿ ಮಲಗಿಸ್ಕೋಬಾರದು ಅಷ್ಟೆ" ಅಂದರು. ಅಲ್ಲಿಂದ ಶುರುವಾಯಿತು. ಇವರೂ ನಾನೂ ಜಗಳವಾಡಿದ ದಿನ ಬಾಗಿಲಿಗೆ ಹೋಗುವುದು ಕಷ್ಟ, ಇಬ್ಬರ ಬಾಗಿಲೂ ಒಂದೇ. ಒಬ್ಬರು ಹೊರಗೆ ಹೋಗಿ ನಿಂತು ತಟ್ಟುತ್ತೇವೆ. ಮಕ್ಕಳಿಗೆ ಅದೇ ದೊಡ್ಡ ನಗು. ಸಣ್ಣವನಂತೂ ಬೇಕೆಂದೇ ಅಕ್ಕನ ಜೊತೆ ಜಗಳ ತೆಗೆಯುತ್ತಾನೆ, ಬಾಗಿಲು ತಟ್ಟುವ ಆಸೆಗೆ.

ಶರ್ಟಿನ ಕಾರ್ಖಾನೆಯಲ್ಲಿ ನನ್ನನ್ನು ಗುಂಡಿಯಿಂದ ಕಾಲರಿಗೆ ಏರಿಸಿದ್ದಾರೆ. ನಮ್ಮ ಮನೆಯ ಎದುರಿನ ಖಾಲಿ ಜಾಗದಲ್ಲಿ ಗುಜರಿ ಅಂಗಡಿಯೊಂದು ಬಂದಿದೆ, ದಿನವಿಡೀ ಕಬ್ಬಿಣ ಒಡೆಯುವ ಸದ್ದು.

ಇವರು ಬೋರ್ಡ್ ಬರೆಯುವಾಗ ಏಣಿಯಿಂದ ಬಿದ್ದು ಕಣ್ಣಿಗೆ ಪೆಟ್ಟು ಮಾಡಿಕೊಂಡಿದ್ದಾರೆ. ಗಾಬರಿಯಾಗುವಂಥದ್ದಲ್ಲ. ಮನೆಗೆ ಸುಣ್ಣ ಹೊಡೆಸುತ್ತಿರುವುದರಿಂದ ಸದ್ಯಕ್ಕೆ ಬರಬೇಡ, ಮಲಗಲು ಜಾಗವಿಲ್ಲ.

ನಿನ್ನ ತಂಗಿ


ಫೆಬ್ರವರಿ 25

ತಂಗಿಗೆ,

ಭಾವ ಏಣಿಯಿಂದ ಬಿದ್ದ ಸುದ್ದಿ ಓದಿ ಬೇಸರವಾಯಿತು, ನಗುವೂ ಬಂತು. ಅವನು ಏಣಿ ಹತ್ತುವುದನ್ನು ನಾನು ನೋಡಿದ್ದೇನೆ. ಪ್ರತಿ ಮೆಟ್ಟಿಲಿಗೂ ಒಂದು ಪ್ರಾರ್ಥನೆ. ಅಷ್ಟೆಲ್ಲ ಮಾಡಿಯೂ ಬಿದ್ದನೆಂದರೆ ಮೇಲಿರುವವನು ಆ ಹೊತ್ತಿಗೆ ಬೇರೆ ಕಡೆ ನೋಡುತ್ತಿದ್ದಿರಬೇಕು. ನಾನು ಹುಡುಗನಾಗಿದ್ದಾಗ ನೀರಿನ ಟ್ಯಾಂಕಿನ ಮೇಲಿಂದ ಹಾರಿ ಕಾಲ ಮೇಲೆ ನಿಂತವನು. ಒಂದು ಚಪ್ಪಲಿಯೂ ಕಿತ್ತಿರಲಿಲ್ಲ.

ಮಲಗಲು ಜಾಗವಿಲ್ಲ ಎಂದು ಸ್ವಂತ ಅಣ್ಣನಿಗೆ ಬರೆಯುತ್ತೀಯ. ಆಗಲಿ, ನೆನಪಿಟ್ಟುಕೊಳ್ಳುತ್ತೇನೆ.

ಕಣ್ಣಿಗೆ ಲಿವರ್ ಒಳ್ಳೆಯದು. ನಮ್ಮ ಚರ್ಮದ ಲಾರಿಯ ಡ್ರೈವರ್ ನಿಮ್ಮೂರ ಮೇಲೆ ಹೋಗುತ್ತಾನೆ. ಅವನ ಕೈಯಲ್ಲಿ ಈ ಕಾಗದವನ್ನೂ ಐಸಿನಲ್ಲಿಟ್ಟ ಲಿವರನ್ನೂ ಕಳಿಸಿದ್ದೇನೆ. ಭಾವನಿಗೆ ತಿನ್ನಿಸು. ಮಾರ್ಕೆಟ್ಟಿನಲ್ಲಿ ಇದಕ್ಕಾಗಿ ಇಬ್ಬರು ಹೊಡೆದಾಡಿದರು, ಗೆದ್ದವನು ನಾನು.

ಅಣ್ಣ


ಮಾರ್ಚ್ 2

ತಂಗಿ,

ಏಣಿಯೂ ಇಲ್ಲ, ಗೀಣಿಯೂ ಇಲ್ಲ.

ಡ್ರೈವರ್ ವಾಪಸು ಬಂದ. ನಿಮ್ಮ ಬೀದಿಯ ಚಹಾ ಅಂಗಡಿಯಲ್ಲಿ ಕೂತು ಎಲ್ಲವನ್ನೂ ಕೇಳಿಕೊಂಡು ಬಂದಿದ್ದಾನೆ. ಆ ಗುಜರಿಯವನು ಅಂಗಳದಲ್ಲಿ ಹೆಂಡತಿಯನ್ನು ಸರಪಳಿಯಲ್ಲಿ ಬಡಿಯುತ್ತಿದ್ದನಂತೆ, ಇಡೀ ಬೀದಿ ಕಿಟಕಿ ಹಾಕಿಕೊಂಡಿತಂತೆ. ಭಾವ ಗೋಡೆಯ ಮೇಲೆ ಅರ್ಧ ಬರೆದಿದ್ದ ಅಕ್ಷರ ಬಿಟ್ಟು ಏಣಿ ಇಳಿದು ಒಳಗೆ ಹೋದನಂತೆ. ಕಬ್ಬಿಣದ ಸರಳಿನಿಂದ ಮುಖಕ್ಕೆ ಹೊಡೆದನಂತೆ ಆ ಪಾಪಿ. ಕಣ್ಣು ಹೋಗಿದೆಯಂತೆ. ಪೆಟ್ಟಲ್ಲ, ಹೋಗಿದೆ. ಇದನ್ನು ನಾನು ಚರ್ಮದ ಲಾರಿಯವನ ಬಾಯಿಂದ ಕೇಳಬೇಕು. ಸುಣ್ಣ ಹೊಡೆಸುತ್ತಿದ್ದೀಯಂತೆ, ಸುಣ್ಣ.

ಅವನು ಹೇಳಿದ ಇನ್ನೊಂದು ಮಾತಿಗೆ ನನ್ನ ರಕ್ತ ಕುದಿಯಿತು. ಪ್ರತಿ ಸಂಜೆ ಕಡ್ಡಿ ಆ ಗುಜರಿಯ ಗೇಟಿನ ಮುಂದೆ ಹೋಗಿ ನಿಲ್ಲುತ್ತಾಳಂತೆ. ತಪ್ಪಾಯ್ತು ಅನ್ನಲಿಕ್ಕೆ ಅಲ್ಲವೇ? ಅಪ್ಪನ ಕಣ್ಣು ಕಿತ್ತವನ ಬಾಗಿಲಿಗೆ ಮಗಳನ್ನು ಕಳಿಸುವ ನೀವು ತಂದೆತಾಯಿಗಳೋ, ಏನು? ನಮ್ಮಪ್ಪ ನಮ್ಮನ್ನು ಹೊಡೆದ ನಿಜ, ಬೇರೆಯವರಿಗೆ ಹೊಡೆಯಲು ಬಿಟ್ಟಿರಲಿಲ್ಲ.

ಶನಿವಾರ ಅಂಗಡಿ ಮುಚ್ಚಿ ಬರುತ್ತೇನೆ. ಎಲುಬು ಬಿಡಿಸುವ ಚೂರಿಯನ್ನು ಕಲ್ಲಿಗೆ ಹಿಡಿದಿದ್ದೇನೆ. ಕೀಲು ಎಲ್ಲೆಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಒಂದು ಕಣ್ಣಿಗೆ ಅವನ ಎರಡು, ಮೇಲೆ ಬಡ್ಡಿಗೆ ಬಲಗೈ. ಆಮೇಲೆ ನೀವು ಬೇಕಾದರೆ ಅವನ ಬಾಗಿಲಿಗೆ ಹೋಗಿ ಸಮಾಧಾನ ಹೇಳಿ. ಅವನಿಗೆ ಬಾಗಿಲು ಕಾಣಿಸುವುದಿಲ್ಲ ಅಷ್ಟೆ.

ಅಣ್ಣ


ಮಾರ್ಚ್ 5

ಅಣ್ಣ,

ಇದನ್ನು ಅದೇ ಡ್ರೈವರನ ಕೈಯಲ್ಲಿ ಕಳಿಸುತ್ತಿದ್ದೇನೆ, ಶನಿವಾರದ ಒಳಗೆ ನಿನಗೆ ಮುಟ್ಟಲಿ ಎಂದು.

ಏಣಿ ಎಂದದ್ದು ಸುಳ್ಳು. ನಿನ್ನ ಚೂರಿಗೆ ಹೆದರಿ ಹೇಳಿದ ಸುಳ್ಳು. ಇವರು ಅಲ್ಲಿ ಹೊಡೆಯಲು ಹೋದವರಲ್ಲ, ಆ ಹೆಂಗಸಿನ ಮುಂದೆ ನಿಂತರು. ಕೈಯಲ್ಲಿ ಕೆಂಪು ಬಣ್ಣದ ಬ್ರಷ್ ಇತ್ತು. ನಾನು ಓಡಿ ಹೋದಾಗ ಬಣ್ಣ ಯಾವುದು, ರಕ್ತ ಯಾವುದು ತಿಳಿಯಲಿಲ್ಲ. ಕಣ್ಣು ಕೆನ್ನೆಯ ಮೇಲೆ ಇಳಿದಿತ್ತು. ನಾನು ಅದನ್ನು ನನ್ನ ಸೆರಗಿನಿಂದ ಒತ್ತಿ ಹಿಡಿದುಕೊಂಡೇ ಆಸ್ಪತ್ರೆಯವರೆಗೆ ಹೋದೆ. ಇಷ್ಟು ಸಾಕು, ಮತ್ತೆ ಬರೆಯಿಸಬೇಡ.

ಇವರು ಸುಮ್ಮನೆ ಕೂತಿಲ್ಲ. ಹಾಸಿಗೆಯಿಂದಲೇ ಠಾಣೆಗೆ ದೂರು ಬರೆಸಿದರು. ನನಗೇ ಆಶ್ಚರ್ಯವಾಯಿತು. "ಕೋಪ ಬಿಡೋದು ಬೇರೆ, ಸುಳ್ಳು ಹೇಳೋದು ಬೇರೆ ಕಣೇ. ಹೊಡೆದಿದ್ದನ್ನ ಹೊಡೆದ ಅಂತಾನೇ ಹೇಳ್ಬೇಕು" ಅಂದರು. ಪೊಲೀಸರು ಇಂದು ಬರುತ್ತೇವೆ, ನಾಳೆ ಬರುತ್ತೇವೆ ಎನ್ನುತ್ತಿದ್ದಾರೆ.

ಕಡ್ಡಿಯನ್ನು ನಾವು ಕಳಿಸಲಿಲ್ಲ. ನೀನು ಹಾಗೆ ಬರೆದದ್ದನ್ನು ಓದಿ ಇವರು ಗೋಡೆಯ ಕಡೆಗೆ ತಿರುಗಿ ಮಲಗಿದರು. ಮೊದಲ ಕೆಲವು ದಿನ ನಾವು ಆಸ್ಪತ್ರೆಯಲ್ಲಿದ್ದೆವು, ನಮಗೆ ಗೊತ್ತೇ ಆಗಲಿಲ್ಲ. ಮನೆಗೆ ಬಂದ ಮೇಲೆ ಒಂದು ಸಂಜೆ ಅವಳ ಮೊಣಕಾಲಿನ ಕೆಳಗೆ ಕೊಯ್ದ ಗಾಯ ನೋಡಿ ಕೇಳಿದೆ. ಗುಜರಿಯವನು ಬೋಲ್ಟು ಎಸೆದನಂತೆ. ಅದಕ್ಕೂ ಹಿಂದಿನ ಸಂಜೆ ನಾಯಿ ಬಿಟ್ಟಿದ್ದನಂತೆ.

"ಅಲ್ಲಿಗ್ಯಾಕೆ ಹೋದೆ?" ಎಂದು ಕೂಗಿದೆ.

"ನಂಗೆ ಕೋಪ ಇದೆ. ಅಪ್ಪಂಗೂ ಇದೆ. ಹೊತ್ತು ಮುಳುಗ್ತಾ ಇತ್ತು. ಅಪ್ಪ ನಡೆಯೋ ಹಾಗಿಲ್ಲ. ಯಾರಾದ್ರೂ ಹೋಗ್ಬೇಕಲ್ಲ."

"ಹೋಗಿ ಏನಂದೆ ಅವನಿಗೆ?"

"ನಮ್ಮಪ್ಪಂಗೆ ಹೊಡೆದಿದ್ದು ತಪ್ಪು ಅಂತ ಒಂದು ಸಲ ಹೇಳಿಬಿಡಿ, ನಾವು ಊಟ ಮಾಡ್ತೀವಿ ಅಂದೆ."

ಅಣ್ಣ, ಅವಳು ಅಷ್ಟು ದಿನವೂ ರಾತ್ರಿ ಉಂಡಿರಲಿಲ್ಲ. ಪಕ್ಕದ ಮನೆಯವರು ಕೊಟ್ಟ ಅನ್ನವನ್ನು ತಮ್ಮನಿಗೆ ತಿನ್ನಿಸಿ ತನ್ನ ಪಾಲನ್ನು ಮುಚ್ಚಿಟ್ಟು ಬೆಳಿಗ್ಗೆ ತಿಂದು ಶಾಲೆಗೆ ಹೋಗುತ್ತಿದ್ದಳಂತೆ. ಇವರು ಅವಳನ್ನು ಹತ್ತಿರ ಕೂರಿಸಿಕೊಂಡು "ಇದು ಆ ಥರದ ಜಗಳ ಅಲ್ಲ ಮಗಳೇ. ಅವನ ಬಾಗಿಲಿಗೆ ಹೋಗೋದು ಪೊಲೀಸರ ಕೆಲಸ" ಅಂದರು.

"ಎಲ್ಲ ಜಗಳಕ್ಕೂ ಒಂದೇ ಅಂತ ನೀವೇ ಹೇಳಿದ್ರಿ" ಅಂದಳು, ಕಡ್ಡಿ ಮುರಿದ ಹಾಗೆ. ಬಾಗಿಲಿಗೆ ಹೋಗುವುದನ್ನು ಕಲಿಸಿದೆವು. ಯಾವ ಬಾಗಿಲು ಎಂಬುದನ್ನು ಕಲಿಸಲೇ ಇಲ್ಲ. ಈಗ ಸಂಜೆಯಾದರೆ ನಾನು ಕಾರ್ಖಾನೆಯಿಂದ ಓಡಿ ಬಂದು ಬೀಗ ಹಾಕುತ್ತೇನೆ. ಅವಳು ಒಳಗಿನಿಂದ ಬಾಗಿಲಿಗೆ ಮುಖ ಮಾಡಿ ಕೂರುತ್ತಾಳೆ. ಮಕ್ಕಳನ್ನು ಹೀಗೆ ಬೆಳೆಸಿದ್ದು ಸರಿಯೇ ಎಂದು ರಾತ್ರಿಯೆಲ್ಲ ಕೇಳಿಕೊಳ್ಳುತ್ತೇನೆ. ದೇವರು ನನಗಿನ್ನೂ ಹೇಳಿಲ್ಲ.

ನೀನು ಬರಬೇಡ. ಬರಲೇಬೇಕೆಂದರೆ ಬರಿಗೈಯಲ್ಲಿ ಬಾ.

ನಿನ್ನ ತಂಗಿ


ಮಾರ್ಚ್ 14

ತಂಗಿಗೆ ಅಣ್ಣನ ಆಶೀರ್ವಾದ.

ಅಕ್ಷರ ಕುಡಿದವನ ಹಾಗೆ ನಡೆಯುತ್ತಿದ್ದರೆ ಹೆದರಬೇಡ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಊರಿನ ಶಾಲೆಯ ಮೇಷ್ಟ್ರು ಬಲಗೈಯಲ್ಲಿ ಬರೆದದ್ದಕ್ಕಿಂತ ಇದು ವಾಸಿ. ನಿಮ್ಮೂರಿನ ಡಾಕ್ಟರು ನನ್ನನ್ನು ಈ ದೊಡ್ಡಾಸ್ಪತ್ರೆಗೆ ಸಾಗಹಾಕಿದ್ದು ಒಳ್ಳೆಯದೇ ಆಯಿತು. ಇಲ್ಲಿ ಬಲ ಅಂಗೈಯ ನರಗಳನ್ನು ಹುಡುಕಿ ಹುಡುಕಿ ಹೊಲಿದಿದ್ದಾರೆ. ನಾನು ಹೊಲಿಗೆಯನ್ನು ನೋಡಿ, ಇದಕ್ಕಿಂತ ಚೆನ್ನಾಗಿ ನನ್ನ ತಂಗಿ ಕಾಲರು ಹೊಲಿಯುತ್ತಾಳೆ ಅಂದೆ. ನರ್ಸಮ್ಮ ಬಾಯಿಗೆ ಥರ್ಮಾಮೀಟರು ತುರುಕಿದರು.

ನೀನು ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹಾಗಾಗಿ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ. ನಾನು ಬಸ್ಸಿನಿಂದಿಳಿದು ನೇರ ಗುಜರಿಗೆ ಹೋದೆ. ಸಂಜೆಯ ಬಿಸಿಲು ಇನ್ನೂ ಇತ್ತು. ಅವನು ಒಂದು ಹಳೆಯ ಇಂಜಿನ್ನಿನ ಮೇಲೆ ಕೂತು ತಾಮ್ರದ ತಂತಿ ಸುಲಿಯುತ್ತಿದ್ದ. "ಯಾರೋ ನೀನು?" ಅಂದ. "ನೀನು ಕಿತ್ತ ಕಣ್ಣಿನ ಭಾವಮೈದುನ" ಅಂದೆ. ಎದ್ದ. ಆಳು ನನಗಿಂತ ಒಂದು ಗೇಣು ಎತ್ತರ, ಕತ್ತು ಎತ್ತಿನದು. ನಾನು ಮೊದಲು ಅವನ ಮೊಣಕಾಲಿಗೆ ಒದ್ದೆ, ಅವನು ಸರಳು ಎತ್ತಿಕೊಂಡ. ನಾನು ಅವನ ಕಿವಿ ಕಚ್ಚಿದೆ, ಅವನು ನನ್ನ ಪಕ್ಕೆಗೆ ಕೊಟ್ಟ. ತಗಡಿನ ರಾಶಿ ನಮ್ಮಿಬ್ಬರ ಮೇಲೆ ಕುಸಿಯಿತು. ಹಾಗೆ ಹೊಡೆದಾಡಿ ನನಗೆ ವರ್ಷಗಳೇ ಆಗಿದ್ದವು. ಕೊನೆಗೆ ಅವನು ನನ್ನ ಚೂರಿಯನ್ನು ಕಿತ್ತುಕೊಂಡು ನನ್ನ ಅಂಗೈಯನ್ನೇ ಸೀಳಿದ, ಹೇಡಿ. ಪೊಲೀಸರು ಇಲ್ಲಿಗೆ ಬಂದಾಗ ಹಾಗೇ ಹೇಳಿದೆ. ಅವನನ್ನು ತಂದು ಇದೇ ಊರಿನ ಜೈಲಿಗೆ ಹಾಕಿದ್ದಾರೆ. ಕಣ್ಣಿನ ಕೇಸಿಗೆ ಆಮೆಯ ಹಾಗೆ ಬಂದವರು ಚೂರಿಯ ಕೇಸಿಗೆ ಓಡೋಡಿ ಬಂದರು. ಇನ್ನು ಅವನು ಬೇಗ ಹೊರಬರುವುದಿಲ್ಲ. ಯಾರಿಂದ? ನಿನ್ನ ಅಣ್ಣನಿಂದ.

ಕಡ್ಡಿ ಗೇಟಿನ ಹೊರಗಿದ್ದಳು. ಅವಳೇನೂ ನೋಡಿಲ್ಲ. ಅವಳನ್ನು ಏನೂ ಕೇಳಬೇಡ. ಮಗು ಹೆದರಿದೆ, ಬಿಟ್ಟುಬಿಡು.

ಬೆರಳುಗಳು ಬರುತ್ತವಂತೆ. ಎಲ್ಲವೂ ಅಲ್ಲ, ಸುಮಾರು ಬರುತ್ತವಂತೆ.

ಅಣ್ಣ


ಮಾರ್ಚ್ 19

ಅಣ್ಣನಿಗೆ,

ನಾನು ಕೇಳಲಿಲ್ಲ. ಅವಳಾಗಿಯೇ ಹೇಳಿದಳು.

ಶನಿವಾರ ಸಂಜೆ ಬೀಗ ಹಾಕಲು ನಾನು ತಡವಾಗಿ ಬಂದೆ, ಕಾರ್ಖಾನೆಯಲ್ಲಿ ಮಿಷನ್ ಕೆಟ್ಟಿತ್ತು. ಅವಳು ಗೇಟಿನ ಹೊರಗಿರಲಿಲ್ಲ, ನಿನಗಿಂತ ಮುಂಚೆಯೇ ಒಳಗಿದ್ದಳು. ನಿನ್ನನ್ನು ದೊಡ್ಡಾಸ್ಪತ್ರೆಗೆ ಕಳಿಸಿದ ಮೇಲೆ ಮೂಲೆ ಹಿಡಿದು ಕೂತಿದ್ದಳು. ನಿನ್ನ ಕಾಗದವನ್ನು ಇವರು ಜೋರಾಗಿ ಓದುತ್ತಿದ್ದರು, ಒಂದೇ ಕಣ್ಣಲ್ಲಿ, ನಿಧಾನವಾಗಿ. "ಹೇಡಿ" ಎಂಬಲ್ಲಿಗೆ ಬಂದಾಗ ಅವಳು ಎದ್ದು ನಿಂತಳು.

"ಮಾವ ಸುಳ್ಳು ಬರೆದಿದ್ದಾರೆ" ಅಂದಳು. "ಅವನು ಮಾವನ ಕೈಗೆ ಹೊಡೆದ, ಚೂರಿ ಬಿತ್ತು. ಆಮೇಲೆ ಬೆನ್ನಿಗೆ ಹೊಡೆದ, ಮಾವ ಮಂಡಿ ಮೇಲೆ ಬಿದ್ರು. ಮತ್ತೆ ಸರಳು ಎತ್ತಿದ. ನಾನು ಚೂರಿ ತಗೊಂಡೆ."

ಇವರು ಕಾಗದವನ್ನು ಕೆಳಗಿಟ್ಟರು.

"ಅವನ ಹೊಟ್ಟೆಗೆ ಹಾಕೋಕೆ ಹೋದೆ. ಅವನು ನನ್ನ ನೋಡ್ಲೇ ಇಲ್ಲ. ಮಾವ ನೋಡಿದ್ರು. ಅಲಗನ್ನೇ ಹಿಡ್ಕೊಂಡ್ರು. ನಾನು ಎಳೆದೆ, ಬಿಡ್ಲಿಲ್ಲ. ಮತ್ತೆ ಎಳೆದೆ. ರಕ್ತ ಬರ್ತಾ ಇತ್ತು, ಆದ್ರೂ ಬಿಡ್ಲಿಲ್ಲ. ಅಷ್ಟು ರಕ್ತ ನೋಡಿ ಅವನು ಸರಳು ಇಳಿಸಿದ."

"ಮಾವನ್ನ ಕಾಪಾಡೋಕೆ ಮಾಡ್ದೆ ಅಲ್ವಾ ಪುಟ್ಟ?" ಅಂದೆ ನಾನು. ಹೌದು ಎನ್ನಲಿ ಎಂದು ನನ್ನ ಪ್ರಾಣ ಕಾಯುತ್ತಿತ್ತು.

"ಮೊದಲ್ನೇ ಸಲ ಹೌದು. ಎರಡನೇ ಸಲ ಎಳೆದಾಗ ಅಪ್ಪನ ಕಣ್ಣಿಗೆ" ಅಂದಳು.

ಅಣ್ಣ, ಹದಿಮೂರು ವರ್ಷ ನಾವು ಅವಳ ಮೈಮೇಲೆ ಒಂದು ಬೆರಳು ಎತ್ತಿದವರಲ್ಲ. ಆದರೂ ಆ ಚೂರಿಯನ್ನು ಅವಳು ಹಿಡಿದಳು, ಹೆಬ್ಬೆರಳು ಹೊರಗಿಟ್ಟು, ನೀನು ಹೇಳಿಕೊಟ್ಟ ಹಾಗೆ. ಅದನ್ನು ಕೇಳಿದಾಗ ನಿನ್ನ ಮೇಲೆ ಬಂದ ಕೋಪವನ್ನು ಮುಚ್ಚಿಡುವುದಿಲ್ಲ. ಈ ಕಾಗದವೇ ನಾನು ನಿನ್ನ ಬಾಗಿಲಿಗೆ ಬಂದದ್ದು ಅಂದುಕೋ. ಚೂರಿ ತರಬೇಡ ಎಂದಿದ್ದೆ, ನೀನು ತಂದುಬಿಟ್ಟೆ. ಅದು ನಿನ್ನ ತಪ್ಪು.

ಇನ್ನೊಂದನ್ನೂ ಹೇಳಬೇಕು. ಅಪ್ಪನಿಗೆ ತಿರುಗಿಸಿ ಹೊಡೆದೆ ಎಂದು ನೀನು ಊರಿಗೆಲ್ಲ ಹೇಳಿಕೊಂಡು ಬಂದಿದ್ದೀಯ. ಆ ದಿನ ನಿನ್ನ ಬೆನ್ನ ಹಿಂದೆ ಗೋಡೆಗೆ ಒತ್ತಿಕೊಂಡು ನಿಂತವಳು ನಾನು. ನೀನು ಹೊಡೆಯಲೇ ಇಲ್ಲ. ನನ್ನ ಮೇಲೆ ಬೀಳುತ್ತಿದ್ದ ಬೆಲ್ಟನ್ನು ಹಿಡಿದುಕೊಂಡೆ, ಕೊಕ್ಕೆಯಿದ್ದ ತುದಿಯನ್ನು. ಅಪ್ಪ ಎಳೆದ, ನೀನು ಬಿಡಲಿಲ್ಲ. ಅಪ್ಪನೇ ಸುಸ್ತಾಗಿ ಬಿಟ್ಟ. ಇಷ್ಟು ವರ್ಷ ನಿನ್ನ ಬಡಾಯಿ ಹಾಳುಮಾಡಬಾರದೆಂದು ಸುಮ್ಮನಿದ್ದೆ. ನಮ್ಮ ಮನೆಯ ಕಾನೂನನ್ನು ನಾನು ಪಾದ್ರಿಗಳಿಂದ ಕಲಿತೆ ಎಂದು ನೀನು ನಗುತ್ತೀಯಲ್ಲ. ಮೊದಲು ನೋಡಿದ್ದು ಅಲ್ಲಿ.

ಈಗ ಅವಳು ಮತ್ತೆ ರಾತ್ರಿ ಊಟಕ್ಕೆ ಕೂರುತ್ತಿಲ್ಲ. "ಮಾವನ ಕೈ ಕೊಯ್ದವಳು ನಾನು, ಅವನು ಅದಕ್ಕೆ ಜೈಲಲ್ಲಿದ್ದಾನೆ" ಎನ್ನುತ್ತಾಳೆ. ಠಾಣೆಗೆ ಹೋಗಿ ಹೇಳುತ್ತೇನೆ ಎನ್ನುತ್ತಾಳೆ. ತಾಯಿಯಾಗಿ ನನಗೆ ನಿನ್ನ ಸುಳ್ಳೇ ಬೇಕು. ಅವನು ಕಣ್ಣು ಕಿತ್ತವನು, ಹೆಂಡತಿಯನ್ನು ಬಡಿದವನು, ಅಲ್ಲೇ ಕೊಳೆಯಲಿ ಅನ್ನಿಸುತ್ತದೆ. ಇವರು ಮಾತ್ರ "ಕಣ್ಣಿಗೆ ಅವನು ಉತ್ತರ ಕೊಡಲಿ, ಕೈಗೆ ಬೇಡ" ಎಂದು ಒಂದೇ ಮಾತು ಹೇಳಿದರು. ನಿನ್ನಿಂದ ಕಾಗದ ಬರುವವರೆಗೆ ಕಾಯಲು ಕಡ್ಡಿಯನ್ನು ಒಪ್ಪಿಸಿದ್ದೇನೆ. ಊಟಕ್ಕೆ ಒಪ್ಪಿಸಲು ಆಗಲಿಲ್ಲ.

ನೀನು ಏನು ಮಾಡುತ್ತೀಯೋ ಮಾಡು.

ನಿನ್ನ ತಂಗಿ


ಮಾರ್ಚ್ 23

ತಂಗಿಗೆ,

ನಿನ್ನ ಕಾಗದ ನಿನ್ನೆ ಸಿಕ್ಕಿತು. ಓದಿ ಮಂಚದಿಂದಿಳಿದು ನರ್ಸಮ್ಮನ ಜೊತೆ ಜಗಳ ತೆಗೆದೆ. ಕಾರಣವೇನೂ ಇರಲಿಲ್ಲ. ಆಮೇಲೆ ಹೋಗಿ ತಪ್ಪಾಯ್ತು ಅಂದೆ. ಅಭ್ಯಾಸವಾಗಲಿ ಎಂದು.

ಬೆಲ್ಟಿನ ವಿಚಾರದಲ್ಲಿ ನಿನ್ನ ನೆನಪು ತಪ್ಪು. ನಾನು ಹೊಡೆದೆ. ಹೋಗಲಿ, ಹಿಡಿದುಕೊಂಡೆ. ಹಿಡಿದುಕೊಂಡ ರೀತಿಯಾದರೂ ಹೊಡೆದ ಹಾಗಿತ್ತು ಎಂದು ಒಪ್ಪಿಕೋ.

ಇವತ್ತು ಬೆಳಿಗ್ಗೆ ಡ್ರೆಸಿಂಗ್ ಮುಗಿಸಿಕೊಂಡು ಠಾಣೆಗೆ ಹೋದೆ. ಇನ್ಸ್‌ಪೆಕ್ಟರ್ ಮುಂದೆ ಕೂತು ಎಲ್ಲ ಹೇಳಿದೆ. ಚೂರಿ ನನ್ನದು, ತಂದವನು ನಾನು, ಕಳೆದುಕೊಂಡವನು ನಾನು. ಮಗು ಎತ್ತಿಕೊಂಡಿತು, ಅಲಗು ಹಿಡಿದವನು ನಾನು. ಗುಜರಿಯವನು ನನಗೆ ಸರಳಿನಲ್ಲಿ ಬಡಿದ ನಿಜ, ಚೂರಿಯನ್ನು ಮುಟ್ಟಲೂ ಇಲ್ಲ. ಇದನ್ನೆಲ್ಲ ಹೇಳುವಾಗ ನನ್ನ ಮೀಸೆ ಎಲ್ಲಿಗೆ ಹೋಯಿತೆಂದು ಕೇಳಬೇಡ. ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟು, "ಕಸಾಯಿಯವ್ರೇ, ಹದಿಮೂರು ವರ್ಷದ ಹುಡುಗಿ ನಿಮ್ಮ ಕೈ ಕೊಯ್ದಳಾ?" ಅಂದ. ಪಕ್ಕದ ಪೇದೆ ಕೆಮ್ಮುವವನ ಹಾಗೆ ನಕ್ಕ. ಹೊಡೆಯಬಹುದಿತ್ತು. ಬ್ಯಾಂಡೇಜಿನ ಒಳಗೆ ಮುಷ್ಟಿ ಆಗಲೇ ಇಲ್ಲ.

ಕಡ್ಡಿಯನ್ನು ಒಂದು ಸಲ ಕರೆದು ಕೇಳುತ್ತಾರಂತೆ, ನೀನೂ ಭಾವನೂ ಜೊತೆಗಿರಬಹುದಂತೆ. ಮಾವನನ್ನು ಉಳಿಸಲು ಹೋದ ಮಗುವಿನ ಮೇಲೆ ಯಾರೂ ಕೇಸು ಹಾಕುವುದಿಲ್ಲ ಅಂದ. ಎರಡನೆಯ ಸಲ ಎಳೆದದ್ದನ್ನು ನಾನು ಅವನಿಗೆ ಹೇಳಲಿಲ್ಲ. ಅದು ಅವಳದು, ಅವಳೇ ಹೇಳಲಿ, ಹೇಳಿಯೇ ಹೇಳುತ್ತಾಳೆ. ಕೇಸು ನನ್ನ ಮೇಲೆ, ಇನ್ನೊಬ್ಬನ ಅಂಗಳಕ್ಕೆ ಚೂರಿ ಹಿಡಿದು ನುಗ್ಗಿದ್ದಕ್ಕೆ, ಮತ್ತು ಸುಳ್ಳು ಹೇಳಿದ್ದಕ್ಕೆ. ಕಣ್ಣಿನ ಕೇಸು ಗುಜರಿಯವನ ಮೇಲೆ ಹಾಗೇ ನಿಲ್ಲುತ್ತದೆ. ಭಾವನಿಗೆ ಹೇಳು.

ಅಲ್ಲಿಂದ ಜೈಲಿಗೆ ಹೋದೆ. ಅದು ಆಸ್ಪತ್ರೆಯ ಹಿಂದಿನ ಗೋಡೆಗೇ ಅಂಟಿಕೊಂಡಿದೆ, ಎರಡೂ ಕಡೆ ಒಂದೇ ಹಳದಿ ಬಣ್ಣ. ಜಾಲರಿಯ ಆಚೆ ಅವನನ್ನು ತಂದು ನಿಲ್ಲಿಸಿದರು. ನನ್ನನ್ನು ನೋಡಿ ಹಲ್ಲು ಕಡಿದ. ಅವನ ಕಿವಿಯಲ್ಲಿ ನನ್ನ ಹಲ್ಲಿನ ಗುರುತು ಇನ್ನೂ ಇದೆ, ಅದು ಮಾತ್ರ ಸುಳ್ಳಲ್ಲ. ನೋಡಿದ ಕೂಡಲೇ ಮತ್ತೆ ಕಚ್ಚಬೇಕು ಅನ್ನಿಸಿತು. ಜಾಲರಿ ಇದ್ದದ್ದು ಇಬ್ಬರ ಪುಣ್ಯ.

"ಚೂರಿ ಹಿಡ್ಕೊಂಡು ಬಂದಿದ್ದು ನನ್ನ ತಪ್ಪು. ನೀನು ಕೊಯ್ದೆ ಅಂದಿದ್ದೂ ತಪ್ಪು. ಪೊಲೀಸರಿಗೆ ಹೇಳಿ ಬಂದಿದೀನಿ" ಅಂದೆ.

"ತಲೆ ಕೆಟ್ಟಿದೆಯಾ ನಿಂಗೆ?" ಅಂದ.

"ಸ್ವಲ್ಪ. ನಮ್ಮ ಮನೆಯವರಿಗೆಲ್ಲ ಇದೆ."

ಅವನು ನನ್ನ ಬ್ಯಾಂಡೇಜನ್ನು ನೋಡಿದ. "ಬರುತ್ತಾ ಕೈ?"

"ಎರಡು ಬೆರಳು ಬರಲ್ಲ."

"ಬೋರ್ಡ್ ಬರೆಯೋನ ಕಣ್ಣು?"

"ಅದೂ ಬರಲ್ಲ."

ಅವನು ಜಾಲರಿಯ ಮೇಲೆ ಉಗುಳಿದ, ನನ್ನ ಮೇಲೋ ಜೈಲಿನ ಮೇಲೋ ತಿಳಿಯಲಿಲ್ಲ. ಒರೆಸಿಕೊಂಡೆ. ಹೌದು ತಂಗಿ, ನಾನು, ಒರೆಸಿಕೊಂಡು ನಿಂತೆ. ಇದನ್ನು ಮಾರ್ಕೆಟ್ಟಿನಲ್ಲಿ ಯಾರಿಗೂ ಹೇಳಬೇಡ.

ಆಮೇಲೆ ಅವನೇ ಕೇಳಿದ. "ಆ ಹುಡುಗಿ ದಿನಾ ಯಾಕೆ ಬಂದು ನಿಲ್ತಾ ಇದ್ದಳು? ನಾಯಿ ಬಿಟ್ಟೆ, ಮತ್ತೆ ಬಂದಳು. ಕಬ್ಬಿಣ ಎಸೆದೆ, ಮತ್ತೆ ಬಂದಳು. ಊಟ ಗೀಟ ಅಂತ ಏನೋ ಅಂತಿದ್ದಳು. ನಂಗೆ ಅರ್ಥಾನೇ ಆಗಲಿಲ್ಲ."

ನಿಮ್ಮ ಮನೆಯ ಕಾನೂನನ್ನು ನಾನು ಅವನಿಗೆ ವಿವರಿಸಿದೆ, ಕಸಾಯಿಯ ಬಾಯಿಗೆ ಬಂದ ಹಾಗೆ. ಅವನು ತಲೆ ಬಗ್ಗಿಸಿಕೊಂಡು ಕೇಳಿದ. ನಗುತ್ತಾನೆ ಅಂದುಕೊಂಡೆ. ವಾರ್ಡರು ಬಂದು ಟೈಮಾಯಿತು ಎಂದು ಅವನ ತೋಳು ಹಿಡಿದ. ಕೆಟ್ಟ ಮನುಷ್ಯ ಅವನು, ನಾಳೆ ಹೊರಗೆ ಬಿಟ್ಟರೆ ನಾಳಿದ್ದು ಮತ್ತೆ ಸರಪಳಿ ಎತ್ತುತ್ತಾನೆ, ಅದರಲ್ಲಿ ನನಗೆ ಅನುಮಾನವಿಲ್ಲ. ಅವನ ಹೆಂಡತಿಯನ್ನು ಅವಳ ತವರಿಗೆ ಕಳಿಸುವ ಏರ್ಪಾಡು ಈಗಲೇ ಮಾಡಿ. ಆದರೆ ಬಾಗಿಲವರೆಗೆ ಹೋದವನು ತಿರುಗಿ, ನನ್ನ ಮುಖ ನೋಡದೆ ಒಂದು ಮಾತು ಅಂದ.

"ತಪ್ಪಾಯ್ತು ಅಂತ ಹೇಳು ಆ ಹುಡುಗಿಗೆ. ಊಟ ಮಾಡೋಕೆ ಹೇಳು."

ಅಷ್ಟೇ. ನಾನು ಒಂದಕ್ಷರವನ್ನೂ ಸೇರಿಸಿಲ್ಲ, ಮೀಸೆಯ ಆಣೆ ಹಾಕುವುದಿಲ್ಲ, ಈ ಸಲ ಆಣೆ ಬೇಕಾಗಿಲ್ಲ.

ಡ್ರೈವರ್ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ. ಬೆಳಕಿರುವಾಗಲೇ ನಿಮ್ಮ ಬಾಗಿಲಿಗೆ ತಲುಪಿಸದಿದ್ದರೆ ಎಡಗೈಯಲ್ಲೇ ಹೊಡೆಯುತ್ತೇನೆ ಎಂದಿದ್ದೇನೆ, ಆಮೇಲೆ ಬೇಕಾದರೆ ಅವನ ಮನೆಗೂ ಹೋಗಿ ಬರುತ್ತೇನೆ. ಕಡ್ಡಿಗೆ ಇದನ್ನೆಲ್ಲ ಓದಿ ಹೇಳು. ನೀವು ಹೊತ್ತು ಮುಳುಗುವ ಮುಂಚೆ ಹೋಗುವವರು. ನಾನು ಹೊತ್ತು ನೆತ್ತಿಗೆ ಬರುವ ಮುಂಚೆಯೇ ಹೋಗಿ ಬಂದೆ. ಇದರಲ್ಲೂ ನಿನ್ನ ಅಣ್ಣನೇ ಮೊದಲು.

ತಟ್ಟೆ ಹಾಕು.

ಅಣ್ಣ